ಸರ್ಫ್‌ಬೋರ್ಡಿನ ಫೈಬರ್‌ಗ್ಲಾಸ್ ಹೊದಿಕೆ

ಕೈಯಿಂದ ತಯಾರಿಸಿದ ಸರ್ಫ್‌ಬೋರ್ಡಿನ ಫೋಮ್ ತಿರುಳಿಗೆ ಗಾಜಿನ ನಾರಿನ ಬಟ್ಟೆಯನ್ನು ರಾಳದಿಂದ ಅಂಟಿಸಿ, ಉಜ್ಜಿ ನಯಗೊಳಿಸುವ ಕೆಲಸವನ್ನು ಗ್ಲಾಸಿಂಗ್ ಎನ್ನುತ್ತಾರೆ. ಈ ಹೊದಿಕೆಯು ಹಲಗೆಗೆ ಬಲ ನೀಡುತ್ತದೆ, ನೀರು ಒಳಸೇರದಂತೆ ತಡೆಯುತ್ತದೆ. ಮೊದಲು ಬಾಲ್ಸಾ ಮರದ ಹಲಗೆಗಳಿಗೆ ಬಳಸುತ್ತಿದ್ದ ಈ ವಿಧಾನವನ್ನು, 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರಿಥೇನ್ ಫೋಮಿನ ಹಲಗೆಗಳಿಗೆ ಅಳವಡಿಸಿದರು.

ಬಟ್ಟೆ ಹಾಸುವುದು

ಹೊಳಪು ಕೊನೆಯ ಲೇಪದಿಂದ ಬಂದರೂ ನಯವು ಅದಕ್ಕೆ ಮೊದಲೇ ನಿರ್ಧಾರವಾಗಿರುತ್ತದೆ. ಫೋಮಿನಲ್ಲಿ ಉಳಿದ ತಗ್ಗು ಬಟ್ಟೆಯ ಮೇಲೂ ತಗ್ಗಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ ಚದರ ಗಜಕ್ಕೆ 4 ಅಥವಾ 6 ಔನ್ಸ್ ತೂಕದ ಬಟ್ಟೆಯನ್ನು ಹಾಸಿ, ಅದರ ಮೇಲೆ ರಾಳವನ್ನು ಸುರಿದು, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಎಳೆಯಲಾಗುತ್ತದೆ. ರಾಳ ಹೆಚ್ಚಾದರೆ ಬಟ್ಟೆ ತೇಲಿ ಮೇಲ್ಮೈ ಉಬ್ಬುತ್ತದೆ; ಕಡಿಮೆಯಾದರೆ ನೇಯ್ಗೆ ಬಿಳಿಚಿ ಒಣಗಿದಂತೆ ಉಳಿಯುತ್ತದೆ. ವಾತಾವರಣ ಬಿಸಿಯೇರುತ್ತಿರುವಾಗ ಫೋಮಿನೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುವುದುಂಟು. ಆದ್ದರಿಂದ ತಂಪಾಗುತ್ತಿರುವ ಹೊತ್ತು ಈ ಕೆಲಸಕ್ಕೆ ಸೂಕ್ತ.

ಪಾಲಿಸ್ಟೈರೀನ್ ಫೋಮನ್ನು ಪಾಲಿಯೆಸ್ಟರ್ ರಾಳ ಕರಗಿಸಿಬಿಡುತ್ತದೆ. ಅದಕ್ಕೆ ಎಪಾಕ್ಸಿಯನ್ನೇ ಬಳಸಬೇಕು.

ತುಂಬು ಲೇಪ ಮತ್ತು ಉಜ್ಜುವಿಕೆ

ಬಟ್ಟೆಯ ನೇಯ್ಗೆಯ ಕುಳಿಗಳನ್ನು ಮುಚ್ಚಲು ಹಾಕುವ ಎರಡನೆಯ ಲೇಪಕ್ಕೆ ಹಾಟ್ ಕೋಟ್ ಎಂದು ಹೆಸರು. ಗಾಳಿಯ ಆಮ್ಲಜನಕವು ಪಾಲಿಯೆಸ್ಟರ್ ರಾಳದ ಮೇಲ್ಪದರ ಗಟ್ಟಿಯಾಗದಂತೆ ತಡೆಯುವುದರಿಂದ ಈ ಲೇಪಕ್ಕೆ ಮೇಣ ಬೆರೆಸುತ್ತಾರೆ. ಮೇಣವು ಮೇಲೆ ತೇಲಿ ಗಾಳಿಯನ್ನು ತಡೆಯುತ್ತದೆ, ಮೇಲ್ಮೈ ಅಂಟದೆ ಉಜ್ಜಲು ಒದಗುತ್ತದೆ.

ಉಜ್ಜುವಾಗ ತೆಗೆಯಬೇಕಾದದ್ದು ಈ ಲೇಪವನ್ನು ಮಾತ್ರ. ಉಪ್ಪುಕಾಗದ ಬಟ್ಟೆಯವರೆಗೆ ಇಳಿದರೆ ನಾರುಗಳು ತುಂಡಾಗಿ ಹೊದಿಕೆ ಅಲ್ಲಿಯೇ ದುರ್ಬಲವಾಗುತ್ತದೆ. ಹಲಗೆಯ ಬದಿಯ ಬಾಗಿದ ಅಂಚುಗಳಲ್ಲಿ ಲೇಪ ತೆಳುವಾಗಿರುವುದರಿಂದ ಅಪಾಯ ಹೆಚ್ಚು. ಅನುಭವಿಗಳು ಅಲ್ಲಿ ಯಂತ್ರವನ್ನು ಬಿಟ್ಟು ಕೈಯಿಂದ ಉಜ್ಜುತ್ತಾರೆ. 80ರ ಒರಟು ಕಾಗದದಿಂದ ಆರಂಭಿಸಿ 150, 220ರ ಕಾಗದಗಳಿಗೆ ಸಾಗುವುದು ರೂಢಿ. ಹಿಂದಿನ ಕಾಗದದ ಗೀರುಗಳು ಪೂರ್ತಿ ಅಳಿಯುವವರೆಗೆ ಮುಂದಿನದನ್ನು ಹಿಡಿಯಬಾರದು. ಬಳಿಕ ತೆಳುವಾದ ಗ್ಲಾಸ್ ಕೋಟ್, ಅಂದರೆ ಹೊಳಪು ಲೇಪ ಕೊಟ್ಟು, 600ರ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪಾಲಿಶ್ ಮಾಡುತ್ತಾರೆ. ಹಲವರು ಈ ಲೇಪವಿಲ್ಲದೆಯೇ ಮುಗಿಸುತ್ತಾರೆ, ಹಲಗೆ ಹಗುರವಾಗುತ್ತದೆ.

ಸುರಕ್ಷತೆ

ಗಾಜಿನ ಧೂಳು, ಸ್ಟೈರೀನ್ ಆವಿ ಎರಡೂ ಹಾನಿಕರ. ಮುಖಕವಚ, ಕೈಗವಸು, ಕನ್ನಡಕ ಅವಶ್ಯ. ಪಾಲಿಯೆಸ್ಟರನ್ನು ಗಟ್ಟಿಗೊಳಿಸುವ ಪೆರಾಕ್ಸೈಡ್ ದ್ರಾವಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದನ್ನು ಕೋಬಾಲ್ಟ್ ದ್ರಾವಣದೊಡನೆ ನೇರವಾಗಿ ಬೆರೆಸಿದರೆ ಸ್ಫೋಟ ಸಂಭವಿಸಬಹುದು. ಕೋಬಾಲ್ಟನ್ನು ಮೊದಲು ರಾಳದಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಪೆರಾಕ್ಸೈಡನ್ನು ಸೇರಿಸಬೇಕು.