ಸೇಲಂ ಪುರಸಭೆಯೂ ರಾಜಾಜಿಯವರ ಪ್ರಾಂತ್ಯಾಡಳಿತವೂ

1937ನೆಯ ಜುಲೈ 14ರಂದು ಮದರಾಸು ಪ್ರಾಂತ್ಯದ ಪ್ರಧಾನ ಪದವಿಯನ್ನು ವಹಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಆಡಳಿತವನ್ನು ವಿವೇಚಿಸುವವರು ಅದರ ಮೂಲವನ್ನು ಗಾಂಧೀಮಾರ್ಗದಲ್ಲಿಯೇ ಅರಸುವುದು ವಾಡಿಕೆ. ಉದ್ದೇಶಗಳ ಮಟ್ಟಿಗೆ ಇದು ಯುಕ್ತವಾದುದೇ. ಆದರೆ ಆ ಉದ್ದೇಶಗಳನ್ನು ಅವರು ಕಾರ್ಯರೂಪಕ್ಕೆ ತಂದ ಕ್ರಮವು ಸೇಲಂ ಪುರಸಭೆಯ ಅಧ್ಯಕ್ಷಪೀಠದಲ್ಲಿ ರೂಢಿಯಾದ ಕ್ರಮವೆಂದು ತೋರುತ್ತದೆ.

ರಾಜಾಜಿಯವರು 1878ನೆಯ ಡಿಸೆಂಬರ್ 10ರಂದು ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದರು. ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿದ್ದ ಗಡಿಸೀಮೆ ಅದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ, 1900ರ ಸುಮಾರಿಗೆ ಸೇಲಮಿನಲ್ಲಿ ವಕೀಲಿಯನ್ನು ಆರಂಭಿಸಿದರು. 1911ರಲ್ಲಿ ಪುರಸಭೆಯ ಸದಸ್ಯರಾಗಿ, 1917ರಿಂದ 1919ರ ವರೆಗೆ ಅದರ ಅಧ್ಯಕ್ಷರಾಗಿದ್ದರು. ಅಂದಿನ ಮದರಾಸು ಪುರಸಭೆಗಳಲ್ಲಿ ಅಧ್ಯಕ್ಷನು ಸಭೆ ನಡೆಸುವವನಷ್ಟೇ ಅಲ್ಲ, ಕಾರ್ಯನಿರ್ವಾಹಕನೂ ಆಗಿದ್ದನೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. ನೀರು, ನೈರ್ಮಲ್ಯ, ತೆರಿಗೆ ಇವೆಲ್ಲಕ್ಕೂ ಅವನೇ ಹೊಣೆ. ದಲಿತ ವರ್ಗದವರೊಬ್ಬರು ಮೊತ್ತಮೊದಲು ಸೇಲಂ ಪುರಸಭೆಯ ಸದಸ್ಯರಾದುದು ಇವರ ಪ್ರಯತ್ನದಿಂದಲೇ.

ತರುವಾಯ ಹದಿನೆಂಟು ವರ್ಷ ಅವರಿಗೆ ಅಧಿಕಾರವಿರಲಿಲ್ಲ. ಶಾಸನಸಭಾ ಪ್ರವೇಶವನ್ನೇ ವಿರೋಧಿಸಿದವರು ಅವರು. ಸೆರೆಮನೆ, 1925ರಲ್ಲಿ ಸೇಲಂ ಜಿಲ್ಲೆಯ ತಿರುಚೆಂಗೋಡಿನಲ್ಲಿ ಸ್ಥಾಪಿಸಿದ ಆಶ್ರಮ, 1930ರ ವೇದಾರಣ್ಯದ ಉಪ್ಪಿನ ಯಾತ್ರೆ ಇವು ಆ ಕಾಲದ ಮುಖ್ಯ ಸಂಗತಿಗಳು.

1937ರ ಚುನಾವಣೆಯಲ್ಲಿ 215 ಸ್ಥಾನಗಳ ಪೈಕಿ 159 ಸ್ಥಾನಗಳು ಕಾಂಗ್ರೆಸ್ಸಿಗೆ ದೊರೆತುವು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಆ ಪ್ರಾಂತ್ಯಕ್ಕೇ ಸೇರಿದ್ದುವು. ಇಷ್ಟು ಬಹುಮತವಿದ್ದರೂ ರಾಜಾಜಿಯವರು ಪಾನನಿರೋಧವನ್ನು ಪ್ರಾಂತ್ಯಕ್ಕೆಲ್ಲ ಒಮ್ಮೆಗೇ ವಿಧಿಸಲಿಲ್ಲ. 1937ನೆಯ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯೊಂದರಲ್ಲಿ ಅದನ್ನು ಜಾರಿಗೆ ತಂದರು. ಮರುವರ್ಷ ಚಿತ್ತೂರು, ಕಡಪ. 1939ರಲ್ಲಿ ಉತ್ತರ ಆರ್ಕಾಡು. ತಾವು ಬೀದಿಬೀದಿಯಾಗಿ ಬಲ್ಲ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಿ, ಫಲವನ್ನರಿತು ಮುಂದುವರಿಯುವುದು ಊರಾಡಳಿತದವನ ಜಾಣತನ. ಅಬಕಾರಿ ಉತ್ಪನ್ನವು ಹೋದರೆ ಬೊಕ್ಕಸಕ್ಕೆ ಬದಲು ದಾರಿಯೇನೆಂಬ ಪ್ರಶ್ನೆಯನ್ನೂ ಅವರು ಧರ್ಮಪ್ರಸಂಗದಿಂದ ಮರೆಸಲಿಲ್ಲ. 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ವಿಧಿಸಿದರು. ಹಿಂದೂಸ್ಥಾನದಲ್ಲಿ ಈ ಬಗೆಯ ತೆರಿಗೆಗೆ ಇದೇ ಮೊದಲು. ಯುದ್ಧಕಾಲದಲ್ಲಿ ಪಾನನಿರೋಧವು ನಿಂತುಹೋಯಿತು. ಅದರ ಸಲುವಾಗಿ ಹುಟ್ಟಿದ ತೆರಿಗೆಯಾದರೋ ಉಳಿದು ಇತರ ಪ್ರಾಂತ್ಯಗಳಿಗೂ ಹಬ್ಬಿತು.

1938ರ ರೈತರ ಸಾಲಪರಿಹಾರ ಶಾಸನದಲ್ಲಿಯೂ ಇಂಥದೇ ಲೆಕ್ಕಾಚಾರವು ಕಾಣುವುದು: ಹಳೆಯ ಸಾಲಗಳ ಬಾಕಿ ಬಡ್ಡಿಯು ರದ್ದಾಯಿತು, ಅಸಲು ಉಳಿಯಿತು. 1939ನೆಯ ಜುಲೈ 8ರಂದು ಮಧುರೆಯ ಮೀನಾಕ್ಷಿ ದೇವಾಲಯಕ್ಕೆ ಹರಿಜನರು ವೈದ್ಯನಾಥ ಅಯ್ಯರರ ನೇತೃತ್ವದಲ್ಲಿ ಪ್ರವೇಶಿಸಿದಾಗ, ಅದಕ್ಕೆ ಕಾರಣರಾದವರ ಮೇಲೆ ವ್ಯಾಜ್ಯ ಹೂಡದಂತೆ ಸರಕಾರವು ಕೂಡಲೇ ಶಾಸನದ ರಕ್ಷಣೆಯನ್ನು ಒದಗಿಸಿತು.

ಆದರೆ ಇದೇ ಅಧ್ಯಕ್ಷಪೀಠದ ರೂಢಿಗೆ ಇನ್ನೊಂದು ಮುಖವೂ ಉಂಟು. 1938ನೆಯ ಏಪ್ರಿಲಿನಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸುವ ಆಜ್ಞೆಯು ಹೊರಟಿತು. ಇದನ್ನೂ ಕೆಲವು ಶಾಲೆಗಳಿಗೆ ಮಾತ್ರ ಸೀಮಿತಗೊಳಿಸಿದ್ದರೆಂಬುದು ನಿಜ. ಆದರೆ ಭಾಷೆಯು ನೀರಿನ ನಳವಲ್ಲ. ಜನಮನವನ್ನು ಒಲಿಸಿಕೊಳ್ಳದೆ ಆಜ್ಞೆಯಿಂದ ಹರಿಯಿಸಲಾಗದು. ಸಾವಿರಕ್ಕೆ ಮೀರಿ ಜನರು ಬಂಧನಕ್ಕೊಳಗಾದರು. ಸೆರೆಯಲ್ಲಿದ್ದ ನಟರಾಜನ್, ತಾಳಮುತ್ತು ಎಂಬಿಬ್ಬರು 1939ರಲ್ಲಿ ಮೃತರಾದರು. ಕಾಂಗ್ರೆಸ್ಸಿಗರ ಮೇಲೆ ಬ್ರಿಟಿಷರು ಪ್ರಯೋಗಿಸಿದ್ದ ಕ್ರಿಮಿನಲ್ ಲಾ ತಿದ್ದುಪಡಿ ಶಾಸನವನ್ನೇ ಕಾಂಗ್ರೆಸ್ ಸರಕಾರವು ಈ ಚಳವಳಿಗಾರರ ಮೇಲೆ ಪ್ರಯೋಗಿಸಿದುದನ್ನು ಸಮರ್ಥಿಸುವುದು ಕಷ್ಟ. ಅಕ್ಟೋಬರಿನಲ್ಲಿ ಮಂತ್ರಿಮಂಡಲವು ರಾಜೀನಾಮೆಯನ್ನಿತ್ತಿತು. 1940ನೆಯ ಫೆಬ್ರವರಿಯಲ್ಲಿ ಗವರ್ನರ್ ಅರ್ಸ್ಕಿನ್‌ರು ಕಡ್ಡಾಯವನ್ನು ತೆಗೆದುಹಾಕಿದರು.

ಗವರ್ನರ್ ಜನರಲ್ ಪದವಿಯನ್ನೂ ಅಲಂಕರಿಸಿದ ಮೇಲೆ, 1952ರಲ್ಲಿ ಅವರು ಮದರಾಸಿನ ಮುಖ್ಯಮಂತ್ರಿಗಳಾಗಿ ಮರಳಿ ಬಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಕಲಿತು, ಉಳಿದ ಹೊತ್ತಿನಲ್ಲಿ ಮನೆತನದ ಕಸುಬನ್ನು ಅಭ್ಯಸಿಸಬೇಕೆಂಬ 1953ರ ಪ್ರಾಥಮಿಕ ಶಿಕ್ಷಣ ಯೋಜನೆಯು, ಕಟ್ಟಡಗಳೂ ಉಪಾಧ್ಯಾಯರೂ ಸಾಲದಿದ್ದ ಕಾಲದಲ್ಲಿ ಲೆಕ್ಕಕ್ಕೆ ಒಪ್ಪುವಂತಿತ್ತು. ಅದು ಜಾತಿಯನ್ನೇ ಪಾಠವಾಗಿಸುವುದೆಂದು ವಿರೋಧಿಗಳು ಕೆರಳಿದರು. 1954ನೆಯ ಏಪ್ರಿಲಿನಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಟ್ಟರು. ಬಳಿಕ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು.