ಶಾಬಂದರಿ: ಒಂದು ಮನೆತನದ ಹೆಸರು ಹೇಳುವ ಚರಿತ್ರೆ

ಮದುವೆಯ ಮಾತುಕತೆಗೆ ಕುಳಿತಾಗ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ, 'ಯಾವ ಮನೆತನ?' ಉತ್ತರ ಕೇಳಿದ ಕೂಡಲೇ ಕೆಲವರು ಮೇಲು-ಕೀಳಿನ ಲೆಕ್ಕ ಶುರು ಮಾಡುತ್ತಾರೆ. ಆದರೆ ಆ ಹೆಸರುಗಳು ನಿಜಕ್ಕೂ ಹೇಳುವುದೇನು? ಭಟ್ಕಳದ ನವಾಯತರಲ್ಲಿರುವ 'ಶಾಬಂದರಿ' ಎಂಬ ಒಂದು ಹೆಸರನ್ನೇ ನೋಡೋಣ.

'ಬಂದರ್' ಪಾರ್ಸಿ ಶಬ್ದ. ನಮ್ಮ 'ಬಂದರು' ಅದೇ. 'ಶಾಹ್' ಎಂದರೆ ಒಡೆಯ. ಶಾಹ್‌ಬಂದರ್ ಎಂದರೆ ಬಂದರಿನ ಮುಖ್ಯಸ್ಥ. ಹೊರಗಿನಿಂದ ಬಂದ ವರ್ತಕರ ಬೇಕು-ಬೇಡ ನೋಡುವುದು, ಸರಕು-ಸುಂಕದ ಲೆಕ್ಕ ಇಡುವುದು, ಜಗಳ ಬಂದರೆ ಬಗೆಹರಿಸುವುದು ಅವನ ಕೆಲಸ. 1511ರಲ್ಲಿ ಪೋರ್ಚುಗೀಸರು ಮಲಕ್ಕಾವನ್ನು ಹಿಡಿಯುವ ಮೊದಲು ಅಲ್ಲಿ ಬೇರೆ ಬೇರೆ ನಾಡಿನ ವರ್ತಕರಿಗಾಗಿ ಇಂಥ ನಾಲ್ವರು ಇದ್ದರು.

ಅರಬ್ ನಾಡುಗಳಲ್ಲಿ ವರ್ತಕರ ಹಿರಿಯನಿಗೂ ಇದೇ ಹೆಸರಿತ್ತು. 1940ರಲ್ಲಿ ಹತ್ಯೆಯಾದ ದಮಾಸ್ಕಸ್‌ನ ನಾಯಕ ಡಾ. ಅಬ್ದುರ್ರಹ್ಮಾನ್ ಶಹಬಂದರ್ ಅವರ ಮನೆತನದ ಹೆಸರೂ ಇದೇ. ಪಕ್ಕದ ಲೆಬನಾನಿನಲ್ಲಿ 'ಖತೀಬ್' ಮನೆತನಗಳಿವೆ. ಖತೀಬ್ ಎಂದರೆ ಜುಮಾ ಖುತ್ಬಾ ಕೊಡುವವರು. ಈ ಹೆಸರು ನಮ್ಮ ಕಡೆಯೂ ಇದೆ. ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಎನ್ನಲಾಗದು. ಒಂದೇ ಆಗಿದ್ದದ್ದು ಹೊಣೆ.

ಈ ಕಥೆಯಲ್ಲಿ ನಮ್ಮ ಘಟ್ಟಕ್ಕೂ ಪಾಲಿದೆ. ನಿಲ್ಕುಂದದಿಂದ ಘಟ್ಟ ಇಳಿದರೆ ಕರಾವಳಿ. ಘಟ್ಟದ ಸೀಮೆಯ ಕಾಳುಮೆಣಸು ಕೆಳಗಿನ ಬಂದರುಗಳಿಂದ ಹಡಗು ಹತ್ತುತ್ತಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಹೆಸರುಗಳೂ ಘಟ್ಟ ಇಳಿದಿವೆ: ಭಟ್ಕಳದಲ್ಲಿ 'ಇಕ್ಕೇರಿ' ಮನೆತನವಿದೆ. ಇಕ್ಕೇರಿ ಸಾಗರದ ಬಳಿಯ, ಕೆಳದಿ ನಾಯಕರ ಹಳೆಯ ರಾಜಧಾನಿ.

ಆ ಬಂದರುಗಳಲ್ಲಿ ಬರಿಯ ವ್ಯಾಪಾರವಿರಲಿಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು ಎಂದೂ ಹೇಳಿದ್ದಾನೆ.

ಕುಲ-ಗೋತ್ರಗಳು ಪರಸ್ಪರ ಗುರುತಿಗಾಗಿ, ಹಿರಿಮೆ ಇರುವುದು ತಕ್ವಾದಲ್ಲಿ ಎಂಬುದು ಸೂರಃ ಅಲ್-ಹುಜುರಾತ್‌ನ ಪಾಠ. ಸೂರಃ ಅಲ್-ಮುತಫ್ಫಿಫೀನ್ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತದೆ. ಬಂದರಿನ ಮುಖ್ಯಸ್ಥನಿಗೆ ಈ ಎರಡೂ ಬೇಕಿದ್ದವು: ಊರು ಕೇಳದೆ ಎಲ್ಲರನ್ನೂ ಸಮನಾಗಿ ಕಾಣುವುದು, ತಕ್ಕಡಿ ನೇರವಾಗಿ ಹಿಡಿಯುವುದು.

ಆದ್ದರಿಂದ ಮುಂದಿನ ಸಲ ಸಂಬಂಧ ನೋಡುವಾಗ 'ಯಾವ ಮನೆತನ?' ಎಂದು ಕೇಳುವುದಿದ್ದರೆ ಕೇಳೋಣ. ಅದರ ಜೊತೆಗೆ, ಹುಡುಗನ ಕೈಯ ತಕ್ಕಡಿ ನೇರವಾಗಿದೆಯೇ ಎಂದೂ ವಿಚಾರಿಸೋಣ.