ಹಾಲುಹಲ್ಲು ಹೇಳಿದ ಸಾಕ್ಷಿ

ಮಕ್ಕಳ ಹಾಲುಹಲ್ಲು ಬಿದ್ದರೆ ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು ನಮ್ಮ ಕಡೆಯ ರೂಢಿ. 1970ರ ದಶಕದಲ್ಲಿ ಅಮೆರಿಕದ ಬೋಸ್ಟನ್ ಪಕ್ಕದ ಚೆಲ್ಸಿ, ಸೋಮರ್‌ವಿಲ್ ಎಂಬ ಊರುಗಳ ಶಾಲೆಗಳಲ್ಲಿ ಅಂಥ ಹಲ್ಲುಗಳನ್ನು ಸಂಗ್ರಹಿಸಿದರು. ಕೇಳಿದವರು ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು.

ಗೋಡೆಯ ಹಳೇ ಬಣ್ಣದ ಚಕ್ಕೆ, ಪೆಟ್ರೋಲ್ ಹೊಗೆ ಇವುಗಳಿಂದ ಸೀಸ ಮಕ್ಕಳ ಮೈ ಸೇರುತ್ತಿತ್ತು. ವಿಷವೇರಿ ಫಿಟ್ಸ್ ಬಂದು ಆಸ್ಪತ್ರೆ ಸೇರಿದ ಮಗುವನ್ನು ಗುರುತಿಸುವುದು ಸುಲಭ. ತರಗತಿಯಲ್ಲಿ ಸುಮ್ಮನೆ ಕೂತವನನ್ನು ಗುರುತಿಸುವುದು ಹೇಗೆ? ಸೀಸ ರಕ್ತದಲ್ಲಿ ಬಹಳ ದಿನ ನಿಲ್ಲುವುದಿಲ್ಲ, ವರ್ಷದ ಹಿಂದೆ ತಿಂದದ್ದನ್ನು ರಕ್ತಪರೀಕ್ಷೆ ಹೇಳಲಾರದು. ಹಲ್ಲಿನಲ್ಲಿ ಮಾತ್ರ ಅದು ಉಳಿದುಬಿಡುತ್ತದೆ.

ಒಂದು, ಎರಡನೇ ತರಗತಿಯ 2,335 ಮಕ್ಕಳು ಹಲ್ಲು ತಂದುಕೊಟ್ಟರು. ಬಾಯಿ ತೆರೆಸಿ, ಹಲ್ಲು ಆ ಮಗುವಿನದೇ ಎಂದು ಖಾತ್ರಿ ಮಾಡಿದವರು ಟೀಚರುಗಳು! 2,146 ಮಕ್ಕಳ ನಡವಳಿಕೆಯ ಪ್ರಶ್ನಾವಳಿ ತುಂಬಿದವರೂ ಅವರೇ. ಯಾರ ಹಲ್ಲಿನಲ್ಲಿ ಎಷ್ಟು ಸೀಸ ಎಂಬುದು ಅವರಿಗೆ ಗೊತ್ತಿರಲಿಲ್ಲ.

1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಲ್ಲಿನ ಸೀಸ ಏರಿದಂತೆಲ್ಲ, ಗಮನ ನಿಲ್ಲದ, ಹಗಲುಗನಸು ಕಾಣುವ, ಸರಳ ಸೂಚನೆಯನ್ನೂ ಪಾಲಿಸಲಾರದ ಮಕ್ಕಳ ಪ್ರಮಾಣವೂ ಏರಿತ್ತು. ಕಾಯಿಲೆಯ ಹೊರಲಕ್ಷಣ ಯಾವುದೂ ಇಲ್ಲ. ನಾವು ‘ದಡ್ಡ’, ‘ಸೋಮಾರಿ’ ಎಂದು ಬರೆದುಬಿಡುವಂಥ ಮಕ್ಕಳು. (ನಾನೂ ಬರೆದಿದ್ದೇನೆ.)

ಅವರಲ್ಲಿ 132 ಮಂದಿಯನ್ನು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಪರೀಕ್ಷಿಸಿದರು. 1990ರ ಆ ವರದಿಯ ಪ್ರಕಾರ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರು ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟಿರುವ ಸಂಭವ ಉಳಿದವರಿಗಿಂತ ಏಳು ಪಟ್ಟು.